ಕಳೆದುಹೋದ 43 ನಿಮಿಷ



ಇವತ್ತು ನಾನು ಮಾತಾಡಬೇಕೆಂದಿರುವುದು ನಾನು ನೋಡಿರದ ಒಂದು ಸಿನಿಮಾದ ಬಗ್ಗೆ. 1931ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ, 43 ನಿಮಿಷಗಳ ಪುಟ್ಟ ಚಿತ್ರ ಅದು. ಹೆಸರು ‘ಟೂ ಕ್ರೌಡೆಡ್ ಅವರ್ಸ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಉಸಿರಾಡಲೂ ಬಿಡುವಿಲ್ಲದ ಎರಡು ಗಂಟೆ. ಮುಂದೆ ‘ಬ್ಲ್ಯಾಕ್ ನಾರ್ಸಿಸಸ್’, ‘ದಿ ರೆಡ್ ಶೂಸ್’ ಮಾಡಿ ಜಗತ್ತಿನ ದೊಡ್ಡ ನಿರ್ದೇಶಕರ ಸಾಲಿಗೆ ಸೇರಿದ ಮೈಕಲ್ ಪೊವೆಲ್ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವೂ ಅದೇ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2010ರಲ್ಲಿ ‘ನಮಗೆ ತುರ್ತಾಗಿ ಬೇಕಾಗಿರುವ 75 ಕಳೆದುಹೋದ ಚಿತ್ರಗಳು’ ಎಂದು ಒಂದು ಪಟ್ಟಿ ಹೊರಡಿಸಿತು. ಈ ಪುಟ್ಟ ಚಿತ್ರದ ಹೆಸರು ಅದರಲ್ಲಿದೆ.

ಆ ಚಿತ್ರಕ್ಕೆ ಹೋಗುವ ಮೊದಲು ನಮ್ಮೂರಿಗೆ ಒಮ್ಮೆ ಹೋಗಿಬರಲು ಅಪ್ಪಣೆ ಕೊಡಿ. ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಏಳುತ್ತಿತ್ತು. ರೀಲು ಹರಿದಾಗ ಆಪರೇಟರು ಕತ್ತರಿಸಿ ಅಂಟು ಹಾಕಿ, ಮಿಕ್ಕ ತುಂಡುಗಳನ್ನು ಹೊರಗೆ ಎಸೆಯುತ್ತಿದ್ದರು. ಬೆಳಿಗ್ಗೆ ಅವನ್ನು ಆಯುವುದೇ ನಮ್ಮ ಕೆಲಸ. ಕೆಟ್ಟ ಬಲ್ಬಿನ ಬುಡ ಬಿಡಿಸಿ, ಒಳಗಿನ ತಂತಿ ತೆಗೆದು, ನೀರು ತುಂಬಿಸಿದರೆ ಅದೇ ಲೆನ್ಸು. ಅಣ್ಣ ಅಂಗಳದಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯ ಸಂದಿಯಿಂದ ಒಳಕೋಣೆಗೆ ಹಾಯಿಸುತ್ತಿದ್ದ. ಎದುರು ಗೋಡೆಗೆ ಅಪ್ಪನ ಪಂಚೆ. ಒಂದು ಸಲ ನನ್ನ ಪಾಲಿಗೆ ಬಂದ ತುಂಡಿನಲ್ಲಿ ಹಾಸ್ಯನಟ ನರಸಿಂಹರಾಜು ಇದ್ದರು. ಬಾಯಿ ತೆರೆದು ಏನೋ ಹೇಳುತ್ತಿದ್ದಾರೆ. ಏನು ಹೇಳುತ್ತಿರಬಹುದು ಎಂದು ನಾವೇ ಒಬ್ಬೊಬ್ಬರು ಒಂದೊಂದು ಮಾತು ಕಟ್ಟಿ, ದನಿ ಕೊಟ್ಟು, ಬೇಸಿಗೆಯಿಡೀ ನಕ್ಕೆವು. ಎಷ್ಟೋ ವರ್ಷದ ಮೇಲೆ ಬೇರೊಂದು ಊರಿನ ಟಾಕೀಸಿನಲ್ಲಿ ಅದೇ ಅಂಗಿ, ಅದೇ ಬಾಗಿಲು, ಅದೇ ತೆರೆದ ಬಾಯಿ ಪರದೆಯ ಮೇಲೆ ಬಂದಾಗ ನನಗೆ ಮೈ ಜುಮ್ಮೆಂದಿತು. ನಾವು ಕಟ್ಟಿದ್ದ ಮಾತು ಒಂದೂ ಅಲ್ಲಿರಲಿಲ್ಲ. ಅವರು ಹೇಳಿದ್ದು ಬರೀ ಒಂದು ‘ಹ್ಞಾಂ’. ಆ ಹ್ಞಾಂ ಬಂದ ಗಳಿಗೆ ಹೇಗಿತ್ತೆಂದರೆ ಇಡೀ ಟಾಕೀಸು ಒಟ್ಟಿಗೆ ನಕ್ಕಿತು.

ಹಾಸ್ಯಚಿತ್ರ ಕಳೆದುಹೋಗುವುದು ಎಂದರೇನು ಎಂದು ಯೋಚಿಸುವಾಗಲೆಲ್ಲ ನನಗೆ ಆ ತುಂಡು ನೆನಪಾಗುತ್ತದೆ. ದುಃಖದ ಕಥೆ ಕಳೆದುಹೋದರೆ ಅದರ ಸಾರಾಂಶ ಓದಿಯಾದರೂ ಒಂದಿಷ್ಟು ದುಃಖಪಡಬಹುದು. ಹರಿಶ್ಚಂದ್ರ ಹೆಂಡತಿಯನ್ನು ಮಾರಿದ ಎಂಬ ಒಂದೇ ವಾಕ್ಯಕ್ಕೆ ಗಂಟಲು ಕಟ್ಟುತ್ತದೆ. ನಗೆಗೆ ಸಾರಾಂಶವಿಲ್ಲ. ಅದು ಇರುವುದು ಎರಡು ಮಾತಿನ ನಡುವಿನ ಅರೆಗಳಿಗೆಯಲ್ಲಿ, ದನಿ ಎಲ್ಲಿ ಏರಿತು ಎಲ್ಲಿ ಇಳಿಯಿತು ಎಂಬುದರಲ್ಲಿ. ಕಥೆಯನ್ನು ಕಾಗದ ಉಳಿಸಿಕೊಡುತ್ತದೆ, ನಗೆಯನ್ನು ಉಳಿಸಿಕೊಡಲಾರದು.

‘ಟೂ ಕ್ರೌಡೆಡ್ ಅವರ್ಸ್’ ಚಿತ್ರದ ಕಥೆಯನ್ನು ಕಾಗದ ಉಳಿಸಿಕೊಟ್ಟಿದೆ. ಒಬ್ಬ ಕೊಲೆಗಾರ ಜೈಲಿನಿಂದ ತಪ್ಪಿಸಿಕೊಳ್ಳುತ್ತಾನೆ. ತನ್ನ ವಿರುದ್ಧ ಸಾಕ್ಷಿ ಹೇಳಿ ತನ್ನನ್ನು ಜೈಲಿಗೆ ಕಳಿಸಿದ ಹುಡುಗಿಯನ್ನು ಹುಡುಕಿಕೊಂಡು ಹೊರಡುತ್ತಾನೆ. ಅವನ ಕೈಗೆ ಅವಳು ಸಿಗುವ ಮುಂಚೆ ಒಬ್ಬ ಪತ್ತೇದಾರ ಅವಳನ್ನು ತಲುಪಬೇಕು. ಪತ್ತೇದಾರನಿಗೆ ಸಿಕ್ಕ ವಾಹನ ಟ್ಯಾಕ್ಸಿ. ಅದನ್ನು ಓಡಿಸುವವನು ಜಿಮ್ ಎಂಬ ಕಾಕ್ನಿ ಚಾಲಕ, ಅಂದರೆ ಲಂಡನ್ನಿನ ಬಡಗೇರಿಯ ಮಾತಿನವನು. ಪತ್ತೇದಾರನಾಗಿ ಜಾನ್ ಲಾಂಗ್‌ಡನ್, ಹುಡುಗಿಯಾಗಿ ಜೇನ್ ವೆಲ್ಶ್, ಜಿಮ್ ಆಗಿ ಜೆರಿ ವರ್ನೊ. ಲಾಂಗ್‌ಡನ್ ಅದಕ್ಕೆ ಎರಡು ವರ್ಷ ಮೊದಲು ಹಿಚ್‌ಕಾಕ್ ಅವರ ‘ಬ್ಲ್ಯಾಕ್‌ಮೇಲ್’ನಲ್ಲಿ ಪತ್ತೇದಾರನಾಗಿದ್ದವರು. ಕಥೆ ಬರೆದವರು ಜೆ. ಜೆಫರ್ಸನ್ ಫಾರ್ಜನ್, ಹಿಚ್‌ಕಾಕ್ 1932ರಲ್ಲಿ ತೆರೆಗೆ ತಂದ ‘ನಂಬರ್ ಸೆವೆಂಟೀನ್’ ಇವರದೇ ನಾಟಕ. ಕೊಲೆ, ಬೆನ್ನಟ್ಟುವಿಕೆ ಎಲ್ಲ ಇದ್ದರೂ ಚಿತ್ರಕ್ಕೆ ನಗೆ ತುಂಬಿದವನು ಟ್ಯಾಕ್ಸಿಯ ಮುಂದಿನ ಸೀಟಿನ ಜಿಮ್. ಜನಕ್ಕೆ ಅವನು ಹಿಡಿಸಿರಬೇಕು, ಏಕೆಂದರೆ ಅದೇ ವರ್ಷ ಪೊವೆಲ್ ಮತ್ತು ಫಾರ್ಜನ್ ಅವನನ್ನು ಮತ್ತೆ ಕರೆತಂದರು. ‘ಮೈ ಫ್ರೆಂಡ್ ದಿ ಕಿಂಗ್’ ಎಂಬ ಆ ಎರಡನೆಯ ಚಿತ್ರದಲ್ಲಿ ಜಿಮ್ ಯಾವುದೋ ಕಲ್ಪಿತ ದೇಶದ ಬಾಲರಾಜನನ್ನು ಅಪಹರಣಕಾರರಿಂದ ಉಳಿಸುತ್ತಾನೆ. ಅದೂ ಕಳೆದುಹೋಗಿದೆ. ಹೀಗೆ ಒಂದೇ ಪಾತ್ರದ ಎರಡು ಚಿತ್ರಗಳು ಒಟ್ಟಿಗೆ ಹೋದವು.

ಈ ಚಿತ್ರ ಯಾಕೆ ತಯಾರಾಯಿತು ಎಂಬುದು ಗೊತ್ತಾದರೆ ಯಾಕೆ ಕಳೆದುಹೋಯಿತು ಎಂಬುದೂ ಗೊತ್ತಾಗುತ್ತದೆ. ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನ ಪರದೆಗಳೆಲ್ಲ ಅಮೆರಿಕದ ಪಾಲಾಗಿದ್ದವು. 1920ರ ದಶಕದ ನಡುವಿಗೆ ಅಲ್ಲಿ ತೋರಿಸುತ್ತಿದ್ದ ಚಿತ್ರಗಳಲ್ಲಿ ಸ್ವದೇಶಿ ಚಿತ್ರಗಳು ನೂರಕ್ಕೆ ಐದರಷ್ಟಕ್ಕೆ ಇಳಿದಿದ್ದವು. ಆಗ ಸರ್ಕಾರ 1927ರಲ್ಲಿ ಸಿನಿಮಾಟೋಗ್ರಾಫ್ ಫಿಲ್ಮ್ಸ್ ಕಾಯ್ದೆ ತಂದಿತು. ವಿತರಕರು ತಾವು ಹಂಚುವ ಚಿತ್ರಗಳಲ್ಲಿ ಶೇಕಡಾ 7.5ರಷ್ಟು, ಪ್ರದರ್ಶಕರು ಶೇಕಡಾ 5ರಷ್ಟು ಬ್ರಿಟಿಷ್ ಚಿತ್ರಗಳನ್ನು ಇಟ್ಟುಕೊಳ್ಳಲೇಬೇಕು. ಈ ಪ್ರಮಾಣ ಹಂತಹಂತವಾಗಿ ಏರಿ ಶೇಕಡಾ 20 ಮುಟ್ಟಬೇಕು. ಅಳತೆ ಅಡಿಗಳಲ್ಲಿ. 3,000 ಅಡಿ ದಾಟಿದರೆ ಅದು ದೊಡ್ಡ ಚಿತ್ರ. ಒಳಗೆ ಏನಿದೆ ಎಂದು ಕೇಳುವ ಕಲಮು ಆ ಕಾಯ್ದೆಯಲ್ಲಿ ಇರಲಿಲ್ಲ.

ಈ ಕಾಯ್ದೆಯ ನೆರಳು ನಮ್ಮ ಮೇಲೂ ಬಿದ್ದಿತ್ತು. ಅದರ ಲೆಕ್ಕದಲ್ಲಿ ‘ಬ್ರಿಟಿಷ್ ಚಿತ್ರ’ ಎಂದರೆ ಸಾಮ್ರಾಜ್ಯದ ಯಾವ ಮೂಲೆಯಲ್ಲಿ ತಯಾರಾದರೂ ಸರಿ. ಹಾಗೆಯೇ ಭಾರತದ ಚಿತ್ರಮಂದಿರಗಳಲ್ಲೂ ಸಾಮ್ರಾಜ್ಯದ ಚಿತ್ರಗಳಿಗೆ ಮಣೆ ಹಾಕಬೇಕೆಂಬ ಒತ್ತಡವಿತ್ತು. ಟಿ. ರಂಗಾಚಾರಿಯರ್ ಅಧ್ಯಕ್ಷತೆಯ ಇಂಡಿಯನ್ ಸಿನಿಮಾಟೋಗ್ರಾಫ್ ಸಮಿತಿ 1928ರ ವರದಿಯಲ್ಲಿ ಅದನ್ನು ಒಪ್ಪಲಿಲ್ಲ.

ಇಂಗ್ಲೆಂಡಿನಲ್ಲಿದ್ದ ಅಮೆರಿಕನ್ ವಿತರಣಾ ಕಂಪನಿಗಳಿಗೆ ಈ ಕಾಯ್ದೆ ಒಂದು ಪೀಡೆ. ದಂಡ ತಪ್ಪಿಸಿಕೊಳ್ಳಲು ಅವರು ಸುಲಭದ ಹಾದಿ ಹಿಡಿದರು. ಅಲ್ಲಿಯ ಸಣ್ಣ ನಿರ್ಮಾಪಕರನ್ನು ಕರೆದು ಅಡಿಯೊಂದಕ್ಕೆ ಒಂದು ಪೌಂಡಿನ ಲೆಕ್ಕದಲ್ಲಿ ಚಿತ್ರ ಮಾಡಿಸಿಕೊಳ್ಳತೊಡಗಿದರು. ಇವಕ್ಕೆ ‘ಕೋಟಾ ಕ್ವಿಕಿ’ ಎಂಬ ಹೆಸರೇ ಬಿತ್ತು. ನಮ್ಮಲ್ಲಿ ಇದಕ್ಕೆ ಸರಿಯಾದ ಮಾತು ಮೊದಲಿಂದಲೂ ಇದೆ: ಕಾಟಾಚಾರದ ಚಿತ್ರ. ಟಾಕಿ ಯಂತ್ರದಲ್ಲಿ ನಿಮಿಷಕ್ಕೆ 90 ಅಡಿ ಫಿಲ್ಮು ಓಡುತ್ತದೆ. 43 ನಿಮಿಷಕ್ಕೆ ಗುಣಿಸಿದರೆ 3,870 ಅಡಿ. ಅಂದರೆ ಮಾರುಕಟ್ಟೆಯ ಆ ದರದಲ್ಲಿ ಇಂಥ ಒಂದು ಚಿತ್ರದ ಬೆಲೆ ನಾಲ್ಕು ಸಾವಿರ ಪೌಂಡಿಗೂ ಕಡಿಮೆ. ಕಥೆ, ನಟರು, ಸೆಟ್ಟು, ಧ್ವನಿಗ್ರಹಣ, ಫಿಲ್ಮು, ನಿರ್ಮಾಪಕನ ಲಾಭ ಎಲ್ಲವೂ ಅದರೊಳಗೇ. ಚಿತ್ರೀಕರಣ ಒಂದೆರಡು ವಾರದಲ್ಲಿ ಮುಗಿಯಬೇಕು. ತಯಾರಾದ ಚಿತ್ರವನ್ನು ಕೆಲವು ಚಿತ್ರಮಂದಿರಗಳು ಬೆಳಿಗ್ಗೆ ಕಸ ಗುಡಿಸುವ ಹೆಂಗಸರ ಎದುರು ಓಡಿಸಿ ಲೆಕ್ಕ ಬರೆದುಕೊಳ್ಳುತ್ತಿದ್ದವು ಎಂಬ ಕಥೆ ಆ ಉದ್ಯಮದಲ್ಲಿ ಇಂದಿಗೂ ಪ್ರಚಲಿತ. ನನಗೆ ಆ ಕಥೆ ಕೇಳಿದಾಗಲೆಲ್ಲ ಆ ಹೆಂಗಸರ ಮುಖ ಕಣ್ಣಿಗೆ ಕಟ್ಟುತ್ತದೆ. ಪೊರಕೆ ನಿಲ್ಲಿಸಿ, ಜಿಮ್‌ನ ಮಾತಿಗೆ ಒಬ್ಬಾಕೆಯಾದರೂ ನಕ್ಕಿದ್ದರೆ ಅದು ನಗೆಯಲ್ಲವೆ? ಅವಳೂ ಲಂಡನ್ನಿನ ಬಡಗೇರಿಯವಳು, ಅವನೂ ಅಲ್ಲಿಯವನು. ಆ ಮಾತು ಅವಳ ಮನೆಯ ಮಾತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟಾಕಿ ಬಂದಾಗ ಬ್ರಿಟನ್ನಿನ ಜನಕ್ಕೆ ಮೊದಲು ಕೇಳಿಸಿದ್ದು ಅಮೆರಿಕದ ದನಿ. ‘ದಿ ಜಾಝ್ ಸಿಂಗರ್’ ಲಂಡನ್ನಿನಲ್ಲಿ ತೆರೆಕಂಡದ್ದು 1928ರ ಸೆಪ್ಟೆಂಬರಿನಲ್ಲಿ. ಮರುವರ್ಷ ಹಿಚ್‌ಕಾಕ್ ‘ಬ್ಲ್ಯಾಕ್‌ಮೇಲ್’ ಅನ್ನು ಮೂಕಚಿತ್ರವಾಗಿ ಆರಂಭಿಸಿ ಟಾಕಿಯಾಗಿ ಮುಗಿಸಿದರು. ಅದರ ನಾಯಕಿ ಆನಿ ಓಂದ್ರಾ ಅವರ ಇಂಗ್ಲಿಷಿನಲ್ಲಿ ಮಧ್ಯ ಯೂರೋಪಿನ ಉಚ್ಚಾರವಿತ್ತು. ಲಂಡನ್ನಿನ ಅಂಗಡಿಕಾರನ ಮಗಳು ಹಾಗೆ ಮಾತಾಡುವುದುಂಟೆ? ಧ್ವನಿಯನ್ನು ಆಮೇಲೆ ಸೇರಿಸುವ ತಂತ್ರ ಆಗ ಕೈಗೆ ಬಂದಿರಲಿಲ್ಲ. ಜೋನ್ ಬ್ಯಾರಿ ಎಂಬ ನಟಿ ಕ್ಯಾಮೆರಾದ ಕಣ್ಣಿಗೆ ಬೀಳದಂತೆ ನಿಂತು ಮಾತಾಡಿದರು, ಓಂದ್ರಾ ತುಟಿ ಅಲ್ಲಾಡಿಸಿದರು. ಯಾರ ಬಾಯಲ್ಲಿ ಯಾವ ಇಂಗ್ಲಿಷು ಬರಬೇಕು ಎಂಬುದು ಅಷ್ಟು ದೊಡ್ಡ ಪ್ರಶ್ನೆಯಾಗಿತ್ತು. ಲಂಡನ್ನಿನ ವೆಸ್ಟ್ ಎಂಡ್ ರಂಗಭೂಮಿಯಿಂದ ಬಂದ ನಟರು ಇಸ್ತ್ರಿ ಹಾಕಿದ ಮಾತಿನವರು. ಸಾಮಾನ್ಯರ ಮಾತು ಪರದೆಗೆ ಬಂದದ್ದು ಬಹುಮಟ್ಟಿಗೆ ಹಾಸ್ಯದ ಬಾಗಿಲಿಂದ, ಮ್ಯೂಸಿಕ್ ಹಾಲ್ ಎಂಬ ಹಾಡು ಹಾಸ್ಯದ ರಂಗಗಳಲ್ಲಿ ಬೆಳೆದ ಕಲಾವಿದರಿಂದ. ಲಂಕಾಶೈರಿನ ಗ್ರೇಸಿ ಫೀಲ್ಡ್ಸ್ ‘ಸ್ಯಾಲಿ ಇನ್ ಅವರ್ ಆ್ಯಲಿ’ಯಲ್ಲಿ ಪರದೆಗೆ ಬಂದದ್ದೂ 1931ರಲ್ಲೇ. ಧಾರವಾಡದ ಮಾತು, ಕುಂದಾಪುರದ ಮಾತು ನಮ್ಮ ಸಿನಿಮಾದಲ್ಲಿ ಎಷ್ಟು ಕಾಲ ಬರೀ ನಗಿಸುವ ಪಾತ್ರಗಳ ಪಾಲಾಗಿತ್ತು ಎಂಬುದನ್ನು ಬಲ್ಲ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಆ ಕಾಲದ ಒಂದು ಹಾಸ್ಯಚಿತ್ರ ಹೋದರೆ ಒಂದು ಕಥೆಯ ಜೊತೆಗೆ ಒಂದು ಬೀದಿಯ ಮಾತೂ ಹೋಗುತ್ತದೆ.

ಪೊವೆಲ್ ಈ ಕಾಟಾಚಾರದ ಲೋಕಕ್ಕೆ ಬಂದಾಗ ಅವರಿಗೆ 25 ವರ್ಷ. ಕೆಂಟ್ ಪ್ರಾಂತ್ಯದ ಬೆಕ್ಸ್‌ಬರ್ನಿನಲ್ಲಿ 1905ರಲ್ಲಿ ಹುಟ್ಟಿ, ಬ್ಯಾಂಕಿನಲ್ಲಿ ಗುಮಾಸ್ತರಾಗಿ, ಅದು ಒಗ್ಗದೆ ಫ್ರಾನ್ಸಿನ ನೀಸ್ ನಗರದಲ್ಲಿ ರೆಕ್ಸ್ ಇಂಗ್ರಮ್ ಎಂಬ ದೊಡ್ಡ ನಿರ್ದೇಶಕರ ಸ್ಟುಡಿಯೊ ಸೇರಿ ಸಿಕ್ಕ ಕೆಲಸವನ್ನೆಲ್ಲ ಮಾಡಿದವರು. ಇಂಗ್ಲೆಂಡಿಗೆ ಮರಳಿ ಹಿಚ್‌ಕಾಕ್ ಚಿತ್ರಕ್ಕೆ ಸ್ಟಿಲ್ ಫೋಟೊ ತೆಗೆದರು. ಜೆರೋಮ್ ಜಾಕ್ಸನ್ ಎಂಬ ಅಮೆರಿಕನ್ ನಿರ್ಮಾಪಕರು ಫಾಕ್ಸ್ ಕಂಪನಿಗಾಗಿ ಅಗ್ಗದ ಚಿತ್ರಗಳನ್ನು ಮಾಡಿಕೊಡಲು ಹೊರಟಾಗ ಅವರ ಜೊತೆಯಾದರು. 1931ರಿಂದ 1936ರ ಒಳಗೆ ಪೊವೆಲ್ ನಿರ್ದೇಶಿಸಿದ್ದು 23 ಚಿತ್ರಗಳು. ಹತ್ತಿರ ಹತ್ತಿರ ಅರ್ಧದಷ್ಟು ಇವತ್ತಿಲ್ಲ. ‘ದಿ ರಾಸ್ಪ್’, ‘ದಿ ಸ್ಟಾರ್ ರಿಪೋರ್ಟರ್’, ‘ಬಾರ್ನ್ ಲಕ್ಕಿ’, ‘ದಿ ಪ್ರೈಸ್ ಆಫ್ ಎ ಸಾಂಗ್’, ‘ಸಮ್ ಡೇ’: ಹೆಸರು ಮಾತ್ರ ಉಳಿದ ಚಿತ್ರಗಳು. ಒಬ್ಬ ಕವಿಯ ಮೊದಲ ಐದು ವರ್ಷದ ಹಸ್ತಪ್ರತಿಗಳಲ್ಲಿ ಅರ್ಧ ಗೆದ್ದಲು ತಿಂದಂತೆ. ಆ ಐದು ವರ್ಷದಲ್ಲಿ ಅವರು ವೇಗ ಕಲಿತರು, ಕಡಿಮೆಯಲ್ಲಿ ಹೇಳುವುದನ್ನು ಕಲಿತರು, ನಟರ ದನಿಯನ್ನು ನಂಬುವುದನ್ನು ಕಲಿತರು. ಎಡವಿದ್ದೂ ಆ ದಿನಗಳಲ್ಲೇ ಇರಬೇಕು. ಆ ಎಡವಿದ ಹೆಜ್ಜೆಗಳನ್ನೇ ನಾನು ನೋಡಬೇಕೆಂದು ಹಂಬಲಿಸುವುದು.

ಈಗ ಚಿತ್ರ ಹೋದದ್ದು ಹೇಗೆ ಎಂಬ ಮಾತು. 1950ರ ದಶಕದ ಆರಂಭದ ತನಕ ಚಿತ್ರಮಂದಿರದ 35 ಮಿಲಿಮೀಟರ್ ಫಿಲ್ಮಿನ ಮೈ ಸೆಲ್ಯುಲೋಸ್ ನೈಟ್ರೇಟಿನದು. ಬೆಂಕಿ ತಗುಲಿದರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಕೊಟ್ಟುಕೊಳ್ಳುತ್ತದೆ, ನೀರಿನಲ್ಲಿ ಮುಳುಗಿಸಿದರೂ ಆರದು. ಬ್ರಿಟನ್ನಿನ 1909ರ ಸಿನಿಮಾ ಕಾಯ್ದೆ ಹುಟ್ಟಿದ್ದೇ ಈ ಬೆಂಕಿಯ ಭಯದಿಂದ. ಬೆಂಕಿ ಬೀಳದಿದ್ದರೂ ನೈಟ್ರೇಟು ಒಳಗೊಳಗೇ ಕೊಳೆಯುತ್ತದೆ. ಚಿತ್ರ ಮಸುಕಾಗುತ್ತದೆ, ಸುರುಳಿ ಜೇನಿನ ಹಾಗೆ ಅಂಟಂಟಾಗುತ್ತದೆ, ಕಡೆಗೆ ಡಬ್ಬದಲ್ಲಿ ಕಂದು ಪುಡಿ ಉಳಿಯುತ್ತದೆ. ತಣ್ಣಗೆ, ಒಣಗಿದ ಜಾಗದಲ್ಲಿ ಇಟ್ಟರೆ ಬಹುಕಾಲ ಬಾಳುತ್ತದೆ. ಹಾಗೆ ಇಡಲು ದುಡ್ಡು ಬೇಕು. ಕಾಟಾಚಾರದ ಚಿತ್ರಕ್ಕೆ ಯಾರು ಬಾಡಿಗೆ ಕಟ್ಟುತ್ತಾರೆ?

ಇದರ ಮೇಲೆ ಬೆಳ್ಳಿಯ ಆಸೆ ಬೇರೆ. ಕಪ್ಪು ಬಿಳುಪು ಫಿಲ್ಮಿನ ಚಿತ್ರವೆಲ್ಲ ಬೆಳ್ಳಿಯ ಕಣ. ಕಾಯಿಸಿ ಕರಗಿಸಿದರೆ ಬೆಳ್ಳಿ ವಾಪಸು ಬರುತ್ತದೆ. ಥೇಮ್ಸ್ ದಂಡೆಯ ವಾಲ್ಟನ್ನಿನಲ್ಲಿ ಸ್ಟುಡಿಯೊ ಕಟ್ಟಿದ್ದ ಸೆಸಿಲ್ ಹೆಪ್‌ವರ್ತ್ ಬ್ರಿಟಿಷ್ ಸಿನಿಮಾದ ಮೂಲಪುರುಷರಲ್ಲಿ ಒಬ್ಬರು. 1924ರಲ್ಲಿ ಅವರ ಕಂಪನಿ ದಿವಾಳಿಯಾದಾಗ ಸಾಲ ವಸೂಲಿಗೆ ಬಂದ ಅಧಿಕಾರಿ ಕಂಪನಿಯ ನೆಗೆಟಿವುಗಳನ್ನೆಲ್ಲ ಕರಗಿಸಲು ಮಾರಿದರು. ಒಬ್ಬ ಮನುಷ್ಯನ ಕಾಲು ಶತಮಾನದ ಕೆಲಸ ಗಟ್ಟಿ ಬೆಳ್ಳಿಯ ತೂಕಕ್ಕೆ ಇಳಿಯಿತು. ಕೋಟಾ ಚಿತ್ರಗಳಿಗಂತೂ ಕೇಳುವವರೇ ಇರಲಿಲ್ಲ. ಚಿತ್ರದ ಹಕ್ಕು ಅಮೆರಿಕನ್ ವಿತರಕರದು, ಅವರಿಗೆ ಬೇಕಾಗಿದ್ದದ್ದು ರಿಜಿಸ್ಟರಿನಲ್ಲಿ ಒಂದು ನಮೂದು. ನಮೂದಾಯಿತು, ಚಿತ್ರದ ಕೆಲಸ ಮುಗಿಯಿತು. 1936ರಲ್ಲಿ ಲಾರ್ಡ್ ಮೊಯ್ನ್ ಸಮಿತಿ ಈ ಅವ್ಯವಸ್ಥೆಯನ್ನು ಪರಿಶೀಲಿಸಿತು, 1938ರ ಹೊಸ ಕಾಯ್ದೆ ಚಿತ್ರಕ್ಕೆ ಇಂತಿಷ್ಟು ಕನಿಷ್ಠ ಖರ್ಚಾಗಿರಲೇಬೇಕೆಂದು ವಿಧಿಸಿತು. ಅಡಿಗೆ ಒಂದು ಪೌಂಡಿನ ಚಿತ್ರಗಳ ಕಾಲ ಅಲ್ಲಿಗೆ ಮುಗಿಯಿತು. ಹಳೆಯ ಡಬ್ಬಗಳು ಯಾರಿಗೂ ಬೇಡವಾದವು.

ಪುಸ್ತಕದ ವಿಷಯ ಹಾಗಲ್ಲ. ಬ್ರಿಟನ್ನಿನ 1911ರ ಕಾಯ್ದೆಯ ಪ್ರಕಾರ ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯಕ್ಕೆ ಹೋಗಲೇಬೇಕಿತ್ತು. ಇದರ ಫಲ ನೋಡಿ. ಜಿಮ್‌ನನ್ನು ಬರೆದ ಅದೇ ಫಾರ್ಜನ್ 1937ರಲ್ಲಿ ‘ಮಿಸ್ಟರಿ ಇನ್ ವೈಟ್’ ಎಂಬ ಪತ್ತೇದಾರಿ ಕಾದಂಬರಿ ಪ್ರಕಟಿಸಿದ್ದರು. ಅವರೂ ಮರೆತುಹೋದರು, ಪುಸ್ತಕವೂ ಮರೆತುಹೋಯಿತು. 2014ರಲ್ಲಿ ಆ ಗ್ರಂಥಾಲಯದ ಇಂದಿನ ರೂಪವಾದ ಬ್ರಿಟಿಷ್ ಲೈಬ್ರರಿ ಅದನ್ನು ಮರುಮುದ್ರಿಸಿದಾಗ ಆ ಕ್ರಿಸ್‌ಮಸ್ಸಿಗೆ ಅಂಗಡಿಗಳಲ್ಲಿ ಬಿಸಿ ದೋಸೆಯಂತೆ ಖರ್ಚಾಯಿತು. ಮೂರು ತಲೆಮಾರು ಯಾರೂ ಮುಟ್ಟದಿದ್ದರೂ ಕಪಾಟಿನಲ್ಲಿ ಒಂದು ಪ್ರತಿ ಇದ್ದದ್ದರಿಂದ ಫಾರ್ಜನ್ ಎದ್ದು ಬಂದರು. ಅದೇ ಕೈ ಬರೆದ ಜಿಮ್‌ಗೆ ಅಂಥ ಕಪಾಟು ಇರಲಿಲ್ಲ.

ಚಿತ್ರಗಳಿಗೂ ಒಂದು ಕಪಾಟು ಬೇಕೆಂದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1935ರಲ್ಲಿ ನ್ಯಾಷನಲ್ ಫಿಲ್ಮ್ ಲೈಬ್ರರಿ ಆರಂಭಿಸಿತು. ಅದನ್ನು ಕಟ್ಟಿದ ಅರ್ನೆಸ್ಟ್ ಲಿಂಡ್‌ಗ್ರೆನ್ ಬಹಳ ಶಿಸ್ತಿನ ಮನುಷ್ಯ. ಇರುವ ಹಣದಲ್ಲಿ ಯೋಗ್ಯವಾದದ್ದನ್ನು ಆರಿಸಬೇಕು, ಆರಿಸಿದ್ದನ್ನು ವೈಜ್ಞಾನಿಕವಾಗಿ ಕಾಪಾಡಬೇಕು ಎಂಬುದು ಅವರ ನಿಲುವು. ಅದೇ ಕಾಲಕ್ಕೆ ಪ್ಯಾರಿಸಿನಲ್ಲಿ ಆನ್ರಿ ಲಾಂಗ್ಲ್ವಾ ಎಂಬ ಚಿತ್ರಸಂಗ್ರಾಹಕರು ಸಿಕ್ಕಿದ್ದನ್ನೆಲ್ಲ ಬಾಚಿ ತರುತ್ತಿದ್ದರು, ಇಡಲು ಜಾಗವಿಲ್ಲದೆ ಸ್ನಾನದ ತೊಟ್ಟಿಯಲ್ಲಿ ತುಂಬುತ್ತಿದ್ದರು ಎನ್ನುತ್ತಾರೆ. ಲಿಂಡ್‌ಗ್ರೆನ್ ಕಾಪಾಡಿದ ಫಿಲ್ಮುಗಳು ಇವತ್ತಿಗೂ ಗಟ್ಟಿಮುಟ್ಟಾಗಿವೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ಮನಸ್ಸು ಲಾಂಗ್ಲ್ವಾ ಕಡೆಗೇ ವಾಲುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ. ಕೆ. ನಾಯರ್ ಅವರ ಕಡೆಗೂ. ಒಳ್ಳೆಯದು ಕೆಟ್ಟದ್ದು ಎಂದು ಹೆಕ್ಕದೆ ಸಿಕ್ಕಿದ ಚಿತ್ರವನ್ನೆಲ್ಲ ತಂದಿಡಬೇಕೆಂದು ದುಡಿದವರು ನಾಯರ್. 1931ರಲ್ಲಿ ಒಬ್ಬ ಪಂಡಿತನನ್ನು ಕೂರಿಸಿ ಯಾವ ಚಿತ್ರ ಉಳಿಸೋಣ ಎಂದು ಕೇಳಿದ್ದರೆ ಒಬ್ಬ ಹೊಸ ಹುಡುಗ ಒಂದೆರಡು ವಾರದಲ್ಲಿ ಮುಗಿಸಿದ ಟ್ಯಾಕ್ಸಿಯ ತಮಾಷೆಯನ್ನು ಅವನು ಆರಿಸುತ್ತಿದ್ದನೆ? ಅದಕ್ಕಿಂತ ಘನವಾದ, ಇವತ್ತು ಯಾರೂ ಕೇಳದ ಎಷ್ಟೋ ಚಿತ್ರಗಳು ಅವನ ಪಟ್ಟಿಯಲ್ಲಿರುತ್ತಿದ್ದವು. ನಗಿಸುವುದನ್ನು ಹಗುರವೆಂದು ಬಗೆಯುವುದು ಪಂಡಿತರ ಹಳೆಯ ರೂಢಿ. ನಮ್ಮ ಗುಬ್ಬಿ ವೀರಣ್ಣನವರಂಥ ಮಹಾನಟ ರಂಗದ ಮೇಲೆ ಜನರ ಮನಸ್ಸು ಗೆದ್ದದ್ದು ಹಾಸ್ಯದ ಪಾತ್ರಗಳಿಂದ. ಆ ರಾತ್ರಿಗಳ ನಗೆಯನ್ನು ಯಾರು ಹಿಡಿದಿಟ್ಟಿದ್ದಾರೆ?

1931 ಎಂಬ ವರ್ಷ ನಮಗೂ ಹೊಸದಲ್ಲ. ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಭಾರತದ ಮೊದಲ ಟಾಕಿ ‘ಆಲಂ ಆರಾ’ ತೆರೆಕಂಡ ವರ್ಷ ಅದು. ‘ಆಲಂ ಆರಾ’ ಇಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ವೂ ಇಲ್ಲ. ಕೊಲ್ಲಾಪುರಕ್ಕೆ ಹೋಗಿ ಚಿತ್ರೀಕರಿಸಿದ್ದು, ನಿರ್ದೇಶಕರು ವೈ. ವಿ. ರಾವ್, ಇಂದ್ರಜಿತು ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾವ್, ಮಾತು ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಇಷ್ಟನ್ನು ನಾವು ಪಾಠದಂತೆ ಒಪ್ಪಿಸುತ್ತೇವೆ. ಆದರೆ ಪರದೆಯ ಮೇಲೆ ಕನ್ನಡ ಮೊಟ್ಟಮೊದಲು ಹೇಗೆ ಕೇಳಿಸಿತು ಎಂಬುದನ್ನು ನಮ್ಮ ಮಕ್ಕಳಿಗೆ ಕೇಳಿಸಲಾರೆವು. ಜಿಮ್‌ಗಾಗಿ ಲಂಡನ್ನಿನವರು ಮರುಗಿದರೆ ನನಗೆ ಅದು ಪರರ ನೋವು ಅನ್ನಿಸುವುದಿಲ್ಲ.

ಇನ್ನು ಹುಡುಕಾಟದ ಮಾತು. ಕಳೆದುಹೋದ ಚಿತ್ರಗಳು ಸಿಕ್ಕಿದ್ದುಂಟು, ಅದೂ ಯಾರೂ ಎಣಿಸದ ಜಾಗಗಳಲ್ಲಿ. ಅದೇ 75ರ ಪಟ್ಟಿಯಲ್ಲಿದ್ದ ‘ಲವ್, ಲೈಫ್ ಅಂಡ್ ಲಾಫ್ಟರ್’ ಎಂಬ 1923ರ ಮೂಕಚಿತ್ರ 2014ರಲ್ಲಿ ನೆದರ್‌ಲೆಂಡ್ಸಿನ ಹಾಟೆಮ್ ಎಂಬ ಸಣ್ಣ ಊರಿನ ಚಿತ್ರಮಂದಿರದ ಹಳೆ ಡಬ್ಬಗಳಲ್ಲಿ ಸಿಕ್ಕಿತು. ಹಿಚ್‌ಕಾಕ್ ಸಹಾಯಕರಾಗಿ ದುಡಿದ ‘ದಿ ವೈಟ್ ಶ್ಯಾಡೊ’ದ ಮೂರು ರೀಲುಗಳು 2011ರಲ್ಲಿ ನ್ಯೂಜಿಲೆಂಡಿನಲ್ಲಿ ಬೆಳಕಿಗೆ ಬಂದವು. ಅಷ್ಟು ದೂರದಲ್ಲಿ ಯಾಕೆ? ಪ್ರಿಂಟೊಂದು ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಹೋಗುತ್ತಾ ಕಡೆಗೆ ದಾರಿ ಮುಗಿಯುವ ಜಾಗ ಮುಟ್ಟುತ್ತದೆ. ಅಲ್ಲಿಂದ ವಾಪಸು ಕಳಿಸುವ ಹಡಗಿನ ಬಾಡಿಗೆ ಸವೆದ ಪ್ರಿಂಟಿನ ಬೆಲೆಗಿಂತ ಹೆಚ್ಚು. ಹಾಗಾಗಿ ಅದು ಅಲ್ಲೇ ಉಳಿಯುತ್ತದೆ, ಒಬ್ಬ ಆಪರೇಟರನ ಮನೆಯ ಅಟ್ಟದಲ್ಲೋ ಒಂದು ಶಾಲೆಯ ಉಗ್ರಾಣದಲ್ಲೋ. ಆಪರೇಟರುಗಳು ನಮ್ಮ ಕಲೆಯ ಲೆಕ್ಕಕ್ಕೆ ಸಿಗದ ಕಾವಲುಗಾರರು. ಎಸೆಯಿರಿ ಎಂದು ಹೇಳಿದ್ದನ್ನು ಎಸೆಯಲು ಮನಸ್ಸು ಬಾರದೆ ಮನೆಗೆ ಒಯ್ದವರು ಅವರು.

ಈ ಸಭೆಗೆ ನನ್ನದೊಂದು ಬಿನ್ನಹ. ನಿಮ್ಮ ಊರಿನಲ್ಲಿ ಮುಚ್ಚಿದ ಟಾಕೀಸು ಇದ್ದರೆ, ಅದರ ಮಾಲೀಕರೋ ಆಪರೇಟರೋ ತೀರಿಕೊಂಡ ಮನೆ ಇದ್ದರೆ, ಅಟ್ಟದ ಮೇಲಿನ ತುಕ್ಕು ಹಿಡಿದ ಡಬ್ಬಗಳನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ಡಬ್ಬವನ್ನು ಬಿಸಿಲಲ್ಲಿ ಇಡಬೇಡಿ, ಹತ್ತಿರ ದೀಪ ಬೀಡಿ ಬೇಡ, ಸುರುಳಿ ಅಂಟಿಕೊಂಡಿದ್ದರೆ ಬಿಡಿಸಲು ಹೋಗಬೇಡಿ. ಹೆಸರಿಲ್ಲದ ಡಬ್ಬವಾದರೂ ಸರಿ, ಕೆಟ್ಟ ಚಿತ್ರವಾದರೂ ಸರಿ.

ಪೊವೆಲ್‌ಗೂ ನಮಗೂ ಇನ್ನೊಂದು ನಂಟಿದೆ. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಗೊತ್ತಾದವನು, ಪೊವೆಲ್ ನಿರ್ದೇಶಕರಲ್ಲೊಬ್ಬರಾಗಿದ್ದ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ನಟಿಸಿದ, 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲೂ ನಟಿಸಿದ. ಹಿಮಾಲಯದ ಕಥೆಯ ಆ ಚಿತ್ರವನ್ನು ಇಂಗ್ಲೆಂಡು ಬಿಟ್ಟು ಕದಲದೆ ಬಹುಮಟ್ಟಿಗೆ ಸ್ಟುಡಿಯೊದಲ್ಲೇ ಕಟ್ಟಿದರು. ಅದನ್ನು ನೋಡುವಾಗ ನನಗೆ ಆ 23 ಚಿತ್ರಗಳು ನೆನಪಾಗುತ್ತವೆ. ಇರುವುದರಲ್ಲೇ ಇಲ್ಲದ್ದನ್ನು ಕಟ್ಟುವ ಆ ಕೈ ಪಳಗಿದ್ದು ಅಡಿಗೆ ಒಂದು ಪೌಂಡಿನ ದಿನಗಳಲ್ಲಿ. ನಮ್ಮ ಕಾರಾಪುರದ ಹುಡುಗ ಆ ಪಳಗಿದ ಕೈಗೆ ಸಿಕ್ಕಿದ.

ಜೆರಿ ವರ್ನೊ ಅವರ ದನಿ ಪೂರ್ತಿ ಹೋಗಿಲ್ಲ. ಪೊವೆಲ್ 1932ರಲ್ಲಿ ಅವರನ್ನೇ ನಾಯಕನನ್ನಾಗಿಸಿ ಮಾಡಿದ ‘ಹೋಟೆಲ್ ಸ್ಪ್ಲೆಂಡೀಡ್’ ಮತ್ತು ‘ಹಿಸ್ ಲಾರ್ಡ್‌ಶಿಪ್’ ಉಳಿದಿವೆ. ಎರಡನೆಯದರಲ್ಲಿ ಅವರು ಸಾಹೇಬರ ಪದವಿ ತಲೆಗೆ ಬಂದ ಒಬ್ಬ ಕೊಳಾಯಿ ಕೆಲಸಗಾರ. ಹಿಚ್‌ಕಾಕ್ ಅವರ ‘ದಿ 39 ಸ್ಟೆಪ್ಸ್’ ನೋಡಿದವರು ರೈಲಿನ ದೃಶ್ಯ ನೆನಪಿಸಿಕೊಳ್ಳಿ. ತಲೆಮರೆಸಿಕೊಂಡ ನಾಯಕನ ಎದುರು ಇಬ್ಬರು ವ್ಯಾಪಾರಿಗಳು ಕೂತು ಹೆಂಗಸರ ಒಳಉಡುಪಿನ ಮಾತಾಡುತ್ತಿರುತ್ತಾರಲ್ಲ, ಅವರಲ್ಲೊಬ್ಬರು ವರ್ನೊ. ಕೆಲವೇ ನಿಮಿಷ. ನಾನು ಆ ದೃಶ್ಯವನ್ನು ಕಣ್ಣು ಮುಚ್ಚಿಕೊಂಡು ಕೇಳಿದ್ದೇನೆ, ಬರೀ ದನಿಗಾಗಿ. ಈ ದನಿಯಲ್ಲಿ ಜಿಮ್ ಏನು ಹೇಳಿರಬಹುದು, ಪತ್ತೇದಾರ ಬಾಗಿಲು ತೆರೆದು ಟ್ಯಾಕ್ಸಿ ಹತ್ತಿದಾಗ ಮೊದಲ ಮಾತು ಯಾವುದು, ಎಷ್ಟು ಹೊತ್ತು ಬಿಟ್ಟು ಆಡಿರಬಹುದು ಎಂದು. ಚಿಕ್ಕಂದಿನಲ್ಲಿ ನನ್ನ ಕೈಯಲ್ಲಿ ಮುಖವಿತ್ತು, ಮಾತಿರಲಿಲ್ಲ. ಈಗ ದನಿ ಇದೆ, ಮುಖವೂ ಇದೆ, ಮಾತಿಲ್ಲ.

ಮೊದಲ ಚಿತ್ರವಾಗಿ 17 ವರ್ಷದ ಮೇಲೆ, 1948ರಲ್ಲಿ, ಪೊವೆಲ್ ತಮ್ಮ ಜೀವನದ ಅತಿ ದೊಡ್ಡ ಚಿತ್ರ ‘ದಿ ರೆಡ್ ಶೂಸ್’ ಮಾಡಿದರು. ಬಣ್ಣ, ಸಂಗೀತ, ನೃತ್ಯ ಎಲ್ಲವೂ ಉಕ್ಕಿ ಹರಿಯುವ ಆ ಚಿತ್ರದಲ್ಲಿ ರಂಗಮಂದಿರದ ಹಿಂಬಾಗಿಲು ಕಾಯುವ ಜಾರ್ಜ್ ಎಂಬವನದು ಒಂದು ಚಿಕ್ಕ ಪಾತ್ರ. ದೊಡ್ಡ ಕಲಾವಿದರೆಲ್ಲ ಅವನನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಆ ಪಾತ್ರಕ್ಕೆ ಪೊವೆಲ್ ಕರೆಸಿದ್ದು ತಮ್ಮ ಹಳೆಯ ಟ್ಯಾಕ್ಸಿ ಚಾಲಕನನ್ನು.